ಗುಡಿಸದೆ ಬಿಟ್ಟ ಅಂಗಳ

ಮೊನ್ನೆ ಗ್ಯಾಸ್ ಸಿಲಿಂಡರಿನ ಹಿಂದೆ ಒಂದು ಕಸಬರಿಗೆ ಸಿಕ್ಕಿತು. ತೆಂಗಿನ ಕಡ್ಡಿಯದು, ಪುಣೆಯವರು ಖರಾಟಾ ಎನ್ನುವ ಜಾತಿಯದು, ಅಂಗಳಕ್ಕೆಂದೇ ತಂದದ್ದು. ಆಶ್ಚರ್ಯವೆಂದರೆ ಅದರ ಕಡ್ಡಿಗಳು ಅಷ್ಟಾಗಿ ಸವೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಕಸಬರಿಗೆ ಸಿಗುವುದು ಅಪರೂಪ. ಇಲ್ಲಿ ಹೊಸ ಕಸಬರಿಗೆ ಮೊದಲು ಅಂಗಳದಲ್ಲಿ ಸೇವೆ ಸಲ್ಲಿಸಬೇಕು, ಅರ್ಧ ಸವೆದ ಮೇಲೆ ಬಚ್ಚಲಿಗೆ ವರ್ಗ, ಗೇಣುದ್ದ ಉಳಿದಾಗ ಮೋರಿಗೆ, ಆಮೇಲೆ ನಿವೃತ್ತಿ. ಸೇವೆಗೆ ಸೇರಿದ ಕೆಲವೇ ದಿನಗಳಲ್ಲಿ ನಾಪತ್ತೆಯಾದ ಈ ಕಸಬರಿಗೆಯನ್ನು ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತಾಗ ನೆನಪಾಯಿತು, ಇದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಕಳೆದ ಮಳೆಗಾಲದಲ್ಲಿ, ನಮ್ಮ ಅತ್ತೆಯ ಕಣ್ಣಿಗೆ ಬೀಳದಿರಲಿ ಎಂದು.

ನಗಬೇಡಿ. ಸೊಸೆಯಂದಿರು ಅತ್ತೆಯಿಂದ ಬಚ್ಚಿಡುವ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ. ಕಸಬರಿಗೆಯನ್ನು ಬಚ್ಚಿಟ್ಟವಳು ಮಾತ್ರ ನಾನೊಬ್ಬಳೇ ಇರಬೇಕು. ಅದಕ್ಕೆ ಕಾರಣ ಒಂದು ತೋಟ. ತೋಟವೆಂದರೆ ದೊಡ್ಡ ಮಾತಾಯಿತು. ನಾವಿರುವುದು ಯೆರವಡಾದಲ್ಲಿ, ಹಳೆಯ ಸೊಸೈಟಿಯೊಂದರ ನೆಲಮಹಡಿಯಲ್ಲಿ. ನಮ್ಮವರು ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ರಾಂಜಣಗಾಂವದ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ನಾನು ಆಫೀಸಿಗೆ ಸ್ವಲ್ಪ ಮುಂಚಿತವಾಗಿಯೇ ಕೈಮುಗಿದು ಮನೆ ಸೇರಿದವಳು. ಬಾಗಿಲ ಮುಂದೆ ನಾಲ್ಕು ಮಂಚ ಹಾಕುವಷ್ಟು ಮಣ್ಣಿನ ಜಾಗವಿದೆ. ಮೇಲಿನ ಮಹಡಿಯವರಿಗೆ ಗಾಳಿ ಬೆಳಕು, ನಮಗೆ ಈ ಮಣ್ಣು ಎಂದು ಕಟ್ಟಿದವನು ಪಾಲು ಮಾಡಿಕೊಟ್ಟಿದ್ದಾನೆ. ವರ್ಷಗಟ್ಟಲೆ ಅಲ್ಲಿ ಒಂದು ತುಳಸಿಕಟ್ಟೆ, ಚಕ್ರದ ಗಾಳಿ ಹೋದ ಒಂದು ಸೈಕಲ್ಲು ಮತ್ತು ತನ್ನಷ್ಟಕ್ಕೆ ತಾನು ಬೆಳೆದ ಹುಲ್ಲು ಇಷ್ಟೇ ಇದ್ದವು. ತೋಟ ಮಾಡುವ ಆಸೆ ನನಗಿರಲಿಲ್ಲವೆಂದಲ್ಲ. ತೋಟವೆಂದರೆ ಅಗೆಯಬೇಕು, ಅಗೆತಕ್ಕೆ ನನ್ನ ಸೊಂಟದ ಒಪ್ಪಿಗೆ ಬೇಕು, ಅದು ಸಿಗುವಂತಿರಲಿಲ್ಲ.

ಅಗೆತವೆಂದರೆ ಈಗಲೂ ನನಗೆ ಬೆಳಗಾವಿಯ ನಮ್ಮ ಹಿತ್ತಲು ನೆನಪಾಗುತ್ತದೆ. ಅಪ್ಪ ಶಾಲಾ ಮಾಸ್ತರರು. ಬೇಸಿಗೆ ರಜೆ ಶುರುವಾಯಿತೆಂದರೆ ಅವರ ಕೈಯಿಂದ ಬೆತ್ತ ಹೋಗಿ ಗುದ್ದಲಿ ಬರುತ್ತಿತ್ತು. ಇಡೀ ಹಿತ್ತಲನ್ನು ಅಗೆದು ಹೆಂಟೆ ಹೆಂಟೆಯಾಗಿ ಮಗುಚಿ ಬಿಸಿಲಿಗೆ ಹಾಕುವುದು ಅವರ ಪದ್ಧತಿ. ಹೆಂಟೆ ಒಡೆಯುವ ಕೆಲಸ ನನ್ನದು ಮತ್ತು ಅಕ್ಕನದು. ಅಕ್ಕ ಒಂದೊಂದೇ ಹೆಂಟೆಯನ್ನು ಗುರಿಯಿಟ್ಟು ಒಡೆಯುತ್ತಿದ್ದಳು. ನಾನು ಕೂರಲು ಅನುಕೂಲವಾದ ಹೆಂಟೆಯೊಂದನ್ನು ಆರಿಸಿ ಅದರ ಮೇಲೆ ಕೂತು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದೆ. "ಮಣ್ಣಂದ್ರ ಜ್ವಾಳದ ಹಿಟ್ಟಿನ್ಹಂಗ ಆಗಬೇಕು" ಎಂದು ಅಪ್ಪ ಕೂಗುತ್ತಿದ್ದರು. ನಾನು ಕೂತ ಹೆಂಟೆ ಮಾತ್ರ ಮೊದಲ ಮಳೆಯವರೆಗೂ ಹೆಂಟೆಯಾಗಿಯೇ ಇರುತ್ತಿತ್ತು. ಮಳೆ ಬಂದ ಮೇಲೆ ಆ ಹಿಟ್ಟೂ ಈ ಹೆಂಟೆಯೂ ಒಂದೇ ರಾಡಿಯಾಗಿ, ಬಿಸಿಲು ಬಿದ್ದಾಗ ಬಿಗಿದುಕೊಂಡು, ಮರುವರ್ಷ ಅಪ್ಪ ಮತ್ತೆ ಗುದ್ದಲಿ ಹಿಡಿಯುತ್ತಿದ್ದರು. ಇದನ್ನೇಕೆ ಮಾಡಬೇಕು ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ಪ್ರಶ್ನೆಯನ್ನು ಕಡೆಗೂ ಕೇಳಿದವನು ನನ್ನ ಮೊಬೈಲಿನೊಳಗಿನ ಒಬ್ಬ ಬೋಳುತಲೆಯ ಮನುಷ್ಯ. ಯಾವ ದೇಶದವನೋ ಗೊತ್ತಿಲ್ಲ. ನೆಲವನ್ನು ಅಗೆಯಲೇಬೇಡಿ ಎಂದು ಅವನು ನಗುತ್ತ ಹೇಳಿದಾಗ ನಾನು ಸೋಫಾದ ಮೇಲೆ ಮಲಗಿದ್ದವಳು ಎದ್ದು ಕೂತೆ. ಹುಲ್ಲಿನ ಮೇಲೆ ರಟ್ಟು ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ದಪ್ಪನಾಗಿ ಕಾಂಪೋಸ್ಟ್ ಹಾಕಿ, ಎಲ್ಲಕ್ಕೂ ಮೇಲೆ ಒಣ ಎಲೆಯ ಹೊದಿಕೆ ಹೊದಿಸಿಬಿಡುವುದು. ಆಮೇಲೆ ಅದನ್ನು ತುಳಿಯಬಾರದು, ಕೆದಕಬಾರದು. ಮಿಕ್ಕದ್ದನ್ನು ಎರೆಹುಳುಗಳು ನೋಡಿಕೊಳ್ಳುತ್ತವೆ. ಹೆಂಟೆಯ ಮೇಲೆ ಕೂತು ಮಾವಿನಕಾಯಿ ತಿಂದ ನನ್ನ ಬಾಲ್ಯಕ್ಕೆ ಇಷ್ಟು ವರ್ಷಗಳ ಮೇಲೆ ಒಬ್ಬ ವಕೀಲ ಸಿಕ್ಕಂತಾಯಿತು.

ಅದೇ ಹೊತ್ತಿಗೆ ಧಾರವಾಡದಿಂದ ಅತ್ತೆ ಬಂದರು. ಅವರು ಇದ್ದದ್ದು ನನ್ನ ಮೈದುನನ ಜೊತೆ. ಅವನು ಹೊಸದಾಗಿ ಮೂರನೆಯ ಮಹಡಿಯಲ್ಲಿ ಮನೆ ಮಾಡಿದ್ದ. ಲಿಫ್ಟು, ಗ್ಯಾಲರಿ, ಬಿಸಿನೀರು ಎಲ್ಲ ಇದ್ದ ಆ ಮನೆಯ ಬಗ್ಗೆ ಅತ್ತೆಗೆ ಒಂದೇ ತಕರಾರು. "ಅಲ್ಲೆ ಗುಡಸೂದೂ ಫರಸಿ, ಒರಸೂದೂ ಫರಸಿ. ಮುಂಜಾನೆ ಎದ್ದು ಏನ ಮಾಡಬೇಕು ಹೇಳು? ಮಣ್ಣಿನ ವಾಸನಿ ಇಲ್ಲದ ಬೆಳಗಾದ್ರ ಅದು ಬೆಳಗೇನ?" ಪುಣೆಗೆ ಬಂದವರು ಒಂದು ಕಬ್ಬಿಣದ ಟ್ರಂಕನ್ನು ಮಂಚದ ಕೆಳಗೆ ತಳ್ಳಿ, "ನಾಕ ದಿನಾ ಇದ್ದು ಹೋಗ್ತೇನಿ" ಎಂದರು.

ನಾಲ್ಕು ದಿನ ಕಳೆದು ತಿಂಗಳುಗಳಾದವು. ಆ ಟ್ರಂಕು ಮಾತ್ರ ಟ್ರಂಕಾಗಿಯೇ ಉಳಿಯಿತು. ನಾನು ಕಪಾಟಿನ ಎರಡು ಅರೆಗಳನ್ನು ಖಾಲಿ ಮಾಡಿ, ಕಾಗದ ಹಾಸಿ, "ನಿಮ್ಮ ಸೀರಿ ಇಲ್ಲೆ ಇಡ್ರಿ ಅತ್ತಿಯವರ" ಎಂದೆ. "ಇರಲಿ ಬಿಡವಾ, ಇನ್ನೇನ ಹೊಂಟೇ ಬಿಟ್ಟೆ" ಎಂದರು. ಟ್ರಂಕಿನಿಂದ ಸೀರೆ ತೆಗೆಯುವುದು, ಉಡುವುದು, ಒಗೆಯುವುದು, ಮಡಿಕೆ ಹಾಕಿ ಮತ್ತೆ ಟ್ರಂಕಿಗೇ ಇಡುವುದು, ಕೊಂಡಿ ಹಾಕುವುದು. ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಆ ಖಾಲಿ ಅರೆಗಳು ನನ್ನನ್ನು ನೋಡುತ್ತಿದ್ದವು. ನಿಜ ಹೇಳುತ್ತೇನೆ, ಅವರು ಹೋಗಬಾರದು ಎಂದು ನನಗೆ ತುಂಬ ಆಸೆಯಿತ್ತು. ಮಕ್ಕಳು ಅವರವರ ಊರು ಸೇರಿದ್ದಾರೆ. ಹಗಲಿಡೀ ಕನ್ನಡದಲ್ಲಿ ಬೈಯಲು, ಬೈಸಿಕೊಳ್ಳಲು ಮನೆಯಲ್ಲಿ ಒಂದು ಜೀವ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತೆ ನಕ್ಕರೆ ನನಗೂ ನಗು ಬರುತ್ತದೆ. ಅಂಥವರು ಜೀವನದಲ್ಲಿ ಎಷ್ಟು ಮಂದಿ ಸಿಗುತ್ತಾರೆ ನೀವೇ ಹೇಳಿ. ಅವರು ಹೋಗಲಿ ಎಂದು ಬಯಸಿದ್ದರೆ ಮಾಡಬೇಕಾದದ್ದನ್ನೆಲ್ಲ ಮಾತ್ರ ನಾನು ಅಚ್ಚುಕಟ್ಟಾಗಿ ಮಾಡುತ್ತ ಹೋದೆ. ಅವರು ಬಂದದ್ದು ಒಂದು ಅಂಗಳಕ್ಕಾಗಿ, ನಾನು ಅದೇ ಅಂಗಳವನ್ನು ಎಲೆ ಕಸದಿಂದ ಮುಚ್ಚಲು ಹೊರಟಿದ್ದೆ.

ಮಳೆ ಹಿಡಿಯುವ ಮೊದಲು ಕೆಲಸ ಶುರುವಾಯಿತು. ರಟ್ಟಿಗೆ ಬರವಿರಲಿಲ್ಲ, ಈಗ ಉಪ್ಪಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ರಟ್ಟಿನ ಡಬ್ಬಿಯಲ್ಲೇ ಮನೆಗೆ ಬರುತ್ತದಲ್ಲ. ನಾನು ರಟ್ಟು ಹಾಸುತ್ತಿದ್ದರೆ ಅತ್ತೆ ಮೆಟ್ಟಿಲ ಮೇಲೆ ಕೂತು ನೋಡಿದರು.

"ಇದೇನ ಮಾಡ್ಲಿಕತ್ತೀ?"

"ತೋಟರಿ ಅತ್ತಿಯವರ. ಇದರ ಮ್ಯಾಲೆ ಗೊಬ್ಬರಾ ಹಾಕಿ ಮುಳಗಾಯಿ ಹಚ್ಚೂದು."

"ರಟ್ಟಿನ ಮ್ಯಾಲೆ ಮುಳಗಾಯಿ! ನಿಮ್ಮಪ್ಪ ನೋಡಿದ್ರ ಏನಂತಿದ್ರು?"

ಅಪ್ಪ ಏನನ್ನುತ್ತಿದ್ದರೆಂದು ನನಗೂ ಗೊತ್ತಿತ್ತು, ಅದಕ್ಕೇ ಬದನೆಯ ಮಾತು ಬಿಟ್ಟು ಇನ್ನೊಂದು ರಟ್ಟು ಹಾಸಿದೆ.

ಗೊಬ್ಬರದ ವಿಷಯದಲ್ಲಿ ಮಾತ್ರ ಅತ್ತೆ ಸುಮ್ಮನೆ ನೋಡುತ್ತ ಕೂರಲಿಲ್ಲ. ನಾನು ಅಡುಗೆಮನೆಯ ಕಸವನ್ನೆಲ್ಲ ತೂತು ಕೊರೆದ ಒಂದೇ ಡಬ್ಬಿಗೆ ಹಾಕುತ್ತಿದ್ದೆ. ಕಾಯಿಪಲ್ಲೆ ಸಿಪ್ಪೆ, ಚಹದ ಪುಡಿ, ಉಳಿದ ಅನ್ನ, ಹಳಸಿದ ಸಾರು ಎಲ್ಲ ಅದಕ್ಕೇ. ಅತ್ತೆ ದೇವರ ಮೇಲಿನ ಬಾಡಿದ ಹೂವು ಹಿಡಿದುಕೊಂಡು ಬಂದವರು ಡಬ್ಬಿಯೊಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯ, ಮುಸುರಿ! ನಿರ್ಮಾಲ್ಯ ತಂದು ಮುಸುರಿಯೊಳಗ ಹಾಕ್ಲಾ? ಮುಸುರಿ ಗೊಬ್ಬರದಾಗ ಬೆಳದ ಹೂವು ದೇವರಿಗೆ ಏರಸ್ತೀಯೇನು ನೀ?" ಬೇಯಿಸಿದ ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ನೀರಿನ ಕೊಡ ಮುಟ್ಟದ ಮನೆತನ ಅದು. ಅಂದಿನಿಂದ ನಮ್ಮ ಕಾಂಪೋಸ್ಟಿಗೂ ಮಡಿ ಬಂತು. ಹಸಿ ಸಿಪ್ಪೆ, ನಿರ್ಮಾಲ್ಯ, ಒಣ ಎಲೆ ಇವಕ್ಕೆ ಒಂದು ಡಬ್ಬಿ. ಬೇಯಿಸಿದ್ದಕ್ಕೆಲ್ಲ ಇನ್ನೊಂದು ಡಬ್ಬಿ, ಅದೂ ದೂರದಲ್ಲಿ, ಗೇಟಿನ ಹತ್ತಿರ. ನಾನು ಒಳಗೊಳಗೇ ನಕ್ಕೆ. ಕೆಲವು ವಾರಗಳಲ್ಲಿ ಮಡಿ ಡಬ್ಬಿಯಲ್ಲಿ ಕಾಫಿಪುಡಿಯಂಥ ಉದುರು ಗೊಬ್ಬರವಾಯಿತು. ಮುಸುರೆ ಡಬ್ಬಿಯಲ್ಲಿ ಬಿಳಿ ಹುಳು ಎದ್ದು, ನಾಯಿಗಳು ಅದನ್ನು ಉರುಳಿಸಿ, ವಾಸನೆಗೆ ವಾಚಮನ್ ಕುರ್ಚಿಯನ್ನೇ ಬೇರೆ ಕಡೆ ಸರಿಸಿಕೊಂಡ. ಆಮೇಲೆ ನೋಡಿದರೆ ನನ್ನ ಬೋಳುತಲೆಯವನೂ ಇನ್ನೊಂದು ವಿಡಿಯೋದಲ್ಲಿ ಬೇಯಿಸಿದ ಅನ್ನ ಹಾಕಬೇಡಿ ಎಂದೇ ಹೇಳಿದ್ದ. ಅವನಿಗೆ ಮಡಿ ಮೈಲಿಗೆ ಯಾರು ಕಲಿಸಿದರೋ ಏನೋ.

ಹೊದಿಕೆಗೆ ಏನು ಹಾಕುವುದು ಎಂಬುದು ಮುಂದಿನ ಪ್ರಶ್ನೆ. ನನ್ನ ಮೊದಲ ಪ್ರಯೋಗ ಕಬ್ಬಿನ ಸಿಪ್ಪೆ. ರಸ್ತೆಯಾಚೆಯ ರಸವಂತಿಯವನು ಹಿಂಡಿ ಬಿಸಾಡುವ ಸಿಪ್ಪೆಯನ್ನು ಎರಡು ಚೀಲ ತಂದು ಹರವಿ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಮರುದಿನ ಯೆರವಡಾದ ಇರುವೆಗಳೆಲ್ಲ ನಮ್ಮ ಮನೆಯಲ್ಲಿದ್ದವು. ಅವು ಸಿಪ್ಪೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಅಡುಗೆಮನೆಗೆ, ಅಲ್ಲಿಂದ ನಮ್ಮವರ ಊಟದ ಡಬ್ಬಿಯೊಳಗೆ ಹೋಗಿ, ಕಂಪನಿ ಬಸ್ಸಿನಲ್ಲಿ ರಾಂಜಣಗಾಂವದವರೆಗೂ ಪ್ರಯಾಣ ಮಾಡಿದವು. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. "ಗಣಪತಿ ದರ್ಶನಕ್ಕ ಹೋಗ್ಯಾವ ತಗೋ, ಪುಣ್ಯಾ ಬರ್ತದ" ಎಂದರು. ರಾಂಜಣಗಾಂವದಲ್ಲಿ ಗಣಪತಿಯ ದೊಡ್ಡ ಗುಡಿಯಿದೆ. ನಮ್ಮವರು ಮಾತ್ರ ನಗಲಿಲ್ಲ.

ಕಡೆಗೆ ಒಣ ಎಲೆಯೇ ಗಟ್ಟಿ ಎಂದಾಯಿತು. ಸೊಸೈಟಿಯ ಬಾದಾಮಿ ಮರದ ಅಗಲ ಎಲೆಗಳನ್ನು ಆರಿಸಿ ತಂದು ಸಸಿಗಳ ಸುತ್ತ ಹೊದಿಸಿದೆ. ಸಂಜೆ ಕೈ ತೊಳೆದುಕೊಂಡು ದೂರದಿಂದ ನೋಡಿದರೆ ಮಗುವಿಗೆ ಕೌದಿ ಹೊದಿಸಿದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ಬಂದರೆ ಕೌದಿಯೂ ಇಲ್ಲ, ಎಲೆಯೂ ಇಲ್ಲ. ಅತ್ತೆ ಅಂಗಳವನ್ನು ಗುಡಿಸಿ, ಎಲೆಯನ್ನೆಲ್ಲ ಗೇಟಿನ ಬಳಿ ಗುಂಪು ಹಾಕಿ, ತುಳಸಿಗೆ ನೀರು ಹಾಕುತ್ತಿದ್ದರು.

ಅವರ ತಪ್ಪೆಂದು ಹೇಗೆ ಹೇಳಲಿ? ನಮ್ಮ ಕಡೆ ಬಾಗಿಲ ಮುಂದೆ ಎಲೆ ಬಿದ್ದಿದೆಯೆಂದರೆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ಅರ್ಥ. ಯಾರಿಗೋ ಜಡ್ಡು, ಇಲ್ಲವೇ ಸೂತಕ, ಎರಡೂ ಅಲ್ಲದಿದ್ದರೆ ಸೊಸೆ ಮೈಗಳ್ಳಿ. ನಾನೂ ಹುಡುಗಿಯಾಗಿದ್ದಾಗ ಅವ್ವನ ಹಿಂದೆ ನಿಂತು ಅಂಗಳ ಗುಡಿಸುವುದನ್ನು ಕಲಿತವಳೇ. ಕಸಬರಿಗೆಯ ಗೆರೆಗಳು ನೆಲದ ಮೇಲೆ ಅರ್ಧಚಂದ್ರದ ಹಾಗೆ ಸಾಲಾಗಿ ಮೂಡಬೇಕು, ತನ್ನ ಹೆಜ್ಜೆ ತಾನು ಗುಡಿಸಿದ ಜಾಗದಲ್ಲಿ ಬೀಳದಂತೆ ಹಿಂದೆ ಹಿಂದೆ ಸರಿಯಬೇಕು. ರವಿವಾರ ಸಗಣಿ ಸಾರಿಸಿದರೆ ಕೈಯೆಲ್ಲ ಹಸಿರು, ಊಟದ ಹೊತ್ತಿಗೂ ಉಗುರಲ್ಲಿ ಅದೇ ವಾಸನೆ. ಅದನ್ನೆಲ್ಲ ಇಷ್ಟಪಟ್ಟಿದ್ದ ನಾನೇ ಈಗ ಎಲೆ ಹರಡುವವಳಾಗಿದ್ದೆ.

ದಿನಾ ಇದೇ ಆಟ ನಡೆಯಿತು. ಸಂಜೆ ನಾನು ಹೊದಿಸುವುದು, ಬೆಳಿಗ್ಗೆ ಅವರು ಗುಡಿಸುವುದು. ಎಲೆ ಯಾಕೆ ಬೇಕೆಂದು ಹೇಳಿದರೆ "ಹೌದವಾ, ಹೌದು" ಎನ್ನುತ್ತಿದ್ದರು. ಬೆಳಿಗ್ಗೆ ಕೈ ಮಾತ್ರ ತನ್ನಷ್ಟಕ್ಕೆ ಗುಡಿಸಿಬಿಡುತ್ತಿತ್ತು. ಆಗಲೇ ನಾನು ಕಸಬರಿಗೆಯನ್ನು ಸಿಲಿಂಡರಿನ ಹಿಂದೆ ಇಟ್ಟದ್ದು.

"ಸುಮಾ, ಕಸಬರಿಗಿ ಎಲ್ಲಿ ಹೋತು?"

"ನೋಡಿಲ್ಲರಿ ಅತ್ತಿಯವರ. ಇಲಿ ಎಳಕೊಂಡು ಹೋಗಿರಬೇಕು."

"ಅಷ್ಟುದ್ದ ಕಸಬರಿಗಿ ಎಳಕೊಂಡು ಹೋಗೂ ಇಲಿ ಅಂದ್ರ ಅದಕ್ಕ ನಮಸ್ಕಾರ ಮಾಡಬೇಕವಾ."

ಹತ್ತು ನಿಮಿಷದಲ್ಲಿ ಅತ್ತೆ ಮೇಲಿನ ಮನೆಯ ಶಿಂದೆ ವಹಿನಿಯ ಖರಾಟಾ ಹಿಡಿದು ಕೆಳಗೆ ಬಂದರು. ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. ಅವರಿಗೆ ಕನ್ನಡ ಬಾರದು, ಅತ್ತೆಗೆ ಮರಾಠಿ ಅಷ್ಟಕ್ಕಷ್ಟೇ. ನನ್ನ ಅಂಗಳದ ಬಗ್ಗೆ ಮಾತನಾಡುವಾಗ ಮಾತ್ರ ಇಬ್ಬರಿಗೂ ಯಾವ ತೊಂದರೆಯೂ ಆಗುತ್ತಿರಲಿಲ್ಲ. "ಅಹೋ ವಹಿನಿ, ಹಾ ಕಚರಾ ಕಶಾಲಾ ಪಸರವಲಾಯ್?" ಎಂದು ಅವರು ಮೇಲಿನಿಂದ ಕೇಳುವುದು, ಈ ಕಸ ಯಾಕೆ ಹರವಿದ್ದೀರಿ ಎಂದು, ಅತ್ತೆ ಕೆಳಗಿನಿಂದ "ಕಚರಾ, ಹೌದ್ರಿ, ಕಚರಾ" ಎಂದು ತಲೆಯಾಡಿಸುವುದು. ನಾನು ದೂರು ಒಯ್ದದ್ದು ನಮ್ಮವರ ಹತ್ತಿರ. ಅವರು ಪೇಪರಿನಿಂದ ತಲೆಯೆತ್ತದೆ, "ನೀವಿಬ್ಬರೂ ಬಗೀಹರಿಸ್ಕೋರಿ. ನನಗ ಇಬ್ಬರ ಕೈ ಅಡಿಗಿನೂ ಬೇಕು" ಎಂದು ಜಾರಿಕೊಂಡರು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ತುಳಸಿಕಟ್ಟೆಯ ಸುತ್ತಲಿನ ಜಾಗ ಅತ್ತೆಯದು, ಉಳಿದದ್ದು ನನ್ನದು. ಮಳೆಗಾಲ ಹಾಗೇ ಕಳೆಯಿತು. ಬಸವನಹುಳುಗಳು ಎಲೆಯ ಅಡಿಯಲ್ಲಿ ಸಂಸಾರ ಹೂಡಿ ಮೆಣಸಿನ ಸಸಿಗಳನ್ನು ತಿಂದು ಮುಗಿಸಿದವು. ಆದರೂ ಮೆಂತ್ಯ ಚೆನ್ನಾಗಿಯೇ ಬಂತು, ಮುಳಗಾಯಿ ಗಿಡಗಳು ಮೊಣಕಾಲೆತ್ತರ ಎದ್ದವು. ಅತ್ತೆ ಮೆಂತ್ಯ ಕಿತ್ತು ಪಲ್ಯ ಮಾಡಿ, "ಚಲೋ ಆಗೇದ" ಎಂದರು. ಅಷ್ಟು ಹೇಳಿ ತಮ್ಮ ಪಾಲಿನ ಅಂಗೈಯಗಲದ ಅಂಗಳವನ್ನು ನೋಡುತ್ತ ಕೂತರು. ಆ ಜಾಗವನ್ನು ಗುಡಿಸುವುದು ನಾಲ್ಕು ಏಟಿನ ಕೆಲಸ. ಗುಡಿಸಿದ ಮೇಲೆ ದೊಡ್ಡ ಬೆಳಗು ಖಾಲಿ ಬಿದ್ದಿರುತ್ತಿತ್ತು. ಧಾರವಾಡಕ್ಕೆ ಫೋನ್ ಮಾಡುವುದು ಹೆಚ್ಚಾಯಿತು. ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮೈದುನ ಹೇಳಿದ್ದು ನನಗೂ ಕೇಳಿಸಿತು. ಕಪಾಟಿನ ಆ ಅರೆಗಳಲ್ಲಿ ಹಾಸಿದ್ದ ಕಾಗದ ಹಳದಿಯಾಗಿತ್ತು.

ನವರಾತ್ರಿ ಬಂತು. ತಳೇಗಾಂವದಲ್ಲಿರುವ ಅಕ್ಕನ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮಕ್ಕೆ ನಾನು ಹೋಗಿ ಒಂದು ರಾತ್ರಿ ಅಲ್ಲೇ ಉಳಿದೆ. ಮರುದಿನ ಸಂಜೆ ನಮ್ಮ ಕನ್ನಡದ ಹೆಣ್ಣುಮಕ್ಕಳನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆವು. ಮಧ್ಯಾಹ್ನ ರಿಕ್ಷಾದಿಂದಿಳಿದು ಗೇಟು ತೆಗೆದವಳು ಅಲ್ಲೇ ನಿಂತುಬಿಟ್ಟೆ.

ಮುಳಗಾಯಿ ಗಿಡಗಳು ಹಿಂದೆ ಸಾಲಾಗಿ ನಿಂತಿದ್ದವು. ಅವುಗಳ ಮುಂದಿನ, ಮೆಂತ್ಯ ಕಿತ್ತು ಖಾಲಿಯಾಗಿದ್ದ ಜಾಗವೆಲ್ಲ ಅಂಗಳವಾಗಿತ್ತು. ಎಲೆಗಳು ಚೀಲ ಸೇರಿದ್ದವು. ಮೇಲಿನ ಗೊಬ್ಬರವನ್ನು ತಟ್ಟಿ, ಬಡಿದು, ನೀರು ಚಿಮುಕಿಸಿ, ಹಿಂದಿನ ಗಲ್ಲಿಯ ಗೌಳಿಯ ಹತ್ತಿರ ಸಗಣಿ ತರಿಸಿ ಸಾರಿಸಿದ್ದರು. ಯಾರೂ ಕಾಲಿಡಬಾರದೆಂದು ನಾನು ಕಾದುಕೊಂಡಿದ್ದ ಜಾಗದಲ್ಲಿ ಒಂದು ದೊಡ್ಡ ಚುಕ್ಕಿ ರಂಗೋಲಿ ನಗುತ್ತಿತ್ತು. ಒಂದು ಗೆರೆಯೂ ಅಲುಗಿರಲಿಲ್ಲ. ಅತ್ತೆಯ ಕೈ ಇಷ್ಟು ಗಟ್ಟಿಯೆಂದು ನನಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಅವರ ಮೊಣಕೈವರೆಗೂ ಸಗಣಿಯ ಹಸಿರು, ಮುಖದಲ್ಲಿ ಪುಣೆಗೆ ಬಂದ ಮೇಲೆ ನಾನು ನೋಡದಿದ್ದ ಕಳೆ.

"ಮಂದಿ ಬರ್ತಾರಲ್ಲ ಸುಮಾ. ಎಲಿ ಬಿದ್ದ ಬಾಗಲಾ ನೋಡಿದ್ರ ಏನಂತಾರ? ಹೆಂಗದ, ಛಂದ ಆಗೇದೇನ?"

"ಛಂದ ಆಗೇದ್ರಿ" ಎಂದು ಒಳಗೆ ಹೋದೆ. ಸಂಜೆ ಬಂದವರೆಲ್ಲ ರಂಗೋಲಿಯ ಮುಂದೆ ನಿಂತು ಹೊಗಳಿದರು. ಶಿಂದೆ ವಹಿನಿ ಫೋಟೋ ತೆಗೆದುಕೊಂಡರು. ಅವರೆಲ್ಲ ಹೋದ ಮೇಲೆ, ತಾಂಬೂಲದ ತಟ್ಟೆ ಒರೆಸುತ್ತಿದ್ದಾಗ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು.

"ಮಳಿಗಾಲದ ತುಂಬ ಮಾಡಿದ್ದು ಒಂದ ದಿನದಾಗ ಹೋತಲ್ರಿ ಅತ್ತಿಯವರ."

ಅತ್ತೆ ಉಳಿದ ವೀಳ್ಯದೆಲೆಗಳನ್ನು ಜೋಡಿಸಿ ಬದಿಗಿಟ್ಟರು. "ನನಗ ಹಂಗ ತಿಳೀಲಿಲ್ಲವಾ. ಖಾಲಿ ಬಿದ್ದಿತ್ತಲ್ಲ, ಅಂಗಳ ಅಂತ ತಿಳದೆ. ನಿನ್ನ ಮನಿ, ನೀ ಮಾಡಿದ್ದು. ನಾ ಕೈ ಹಾಕಬಾರದಾಗಿತ್ತು."

ನಿನ್ನ ಮನೆ ಎಂಬ ಆ ಮಾತು ನನಗೆ ಚುಚ್ಚಿತು. ಹಾಗಲ್ಲರಿ ಎನ್ನುವಷ್ಟರಲ್ಲಿ ಅವರು ಕೋಣೆಗೆ ಹೋಗಿದ್ದರು. ಮಂಚದ ಕೆಳಗಿನಿಂದ ಟ್ರಂಕು ಎಳೆಯುವ ಸದ್ದು ಕೇಳಿತು. ಊಟಕ್ಕೆ ಕೂತಾಗ ಮಗನನ್ನು ಕೇಳಿದರು, "ಧಾರವಾಡದ ಬಸ್ಸಿಗೆ ಈಗ ಜಾಗಾ ಸಿಗತದೇನಪಾ, ದೀಪಾವಳಿತನಕ ಯಾಕ ಕಾಯಬೇಕು?" ಹಬ್ಬದ ದಿನಗಳು, ಬಸ್ಸೆಲ್ಲ ತುಂಬಿವೆ ಎಂದು ಅವರು ನೋಡದೆಯೇ ಹೇಳಿಬಿಟ್ಟರು. ಇಪ್ಪತ್ತೈದು ಮೂವತ್ತು ವರ್ಷದ ಸಂಸಾರದಲ್ಲಿ ನಮ್ಮವರು ಅಷ್ಟು ಚುರುಕಾಗಿ ಉತ್ತರ ಕೊಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ರಂಗೋಲಿಯ ಮುಂದೆ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನಾನು ಮಾತನಾಡಿಸಲು ಅಳುಕುತ್ತ ಬಾಗಿಲಲ್ಲೇ ನಿಂತೆ.

"ಸುಮಾ, ಇಲ್ಲೆ ಬಾ. ಈ ಚುಕ್ಕಿ ಯಾರ ಇಟ್ಟಾರ ನೋಡು."

ಹೋಗಿ ನೋಡಿದೆ. ಅತ್ತೆಯ ಬಿಳಿ ಚುಕ್ಕಿಗಳ ನಡುವೆ ಅಲ್ಲೊಂದು ಇಲ್ಲೊಂದು ಕರಿಯ ಚುಕ್ಕಿಗಳು. ಸಾಸಿವೆಯಷ್ಟು ಸಣ್ಣ ಮಣ್ಣಿನ ಉಂಡೆಗಳನ್ನು ಯಾರೋ ಜೋಡಿಸಿ ಇಟ್ಟಂಥ ಪುಟ್ಟ ಗುಡ್ಡೆಗಳು. ನಿನ್ನೆ ಬಂದಿದ್ದ ಮಕ್ಕಳು ಏನೋ ಚೆಲ್ಲಿರಬೇಕೆಂದು ಅತ್ತೆ ಅವನ್ನು ಗುಡಿಸಿ, ಮತ್ತೆ ಸಾರಿಸಿ, ಹೊಸ ರಂಗೋಲಿ ಹಾಕಿದರು. ಅದರ ಮರುದಿನ ಗುಡ್ಡೆಗಳು ಇಮ್ಮಡಿಯಾಗಿದ್ದವು. ನಮ್ಮ ಕಡೆ ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪುಟ್ಟ ಗುಡ್ಡೆ ಮಾಡಿ, ಮೇಲೊಂದು ಹೂ ಸಿಕ್ಕಿಸಿ, ಪಾಂಡವರು ಎಂದು ಬಾಗಿಲಲ್ಲಿ ಇಡುತ್ತಾರೆ. ಅತ್ತೆ ಗಲ್ಲಕ್ಕೆ ಕೈಹಚ್ಚಿ, "ದೀಪಾವಳಿ ಬರೂಕಿಂತ ಮೊದಲ ಪಾಂಡವರು ಬಂದ ಕೂತಾರಲ್ಲ!" ಎಂದರು. ಕನ್ನಡಕ ತರಿಸಿಕೊಂಡರು. ಒಂದು ಗುಡ್ಡೆಯನ್ನು ಬೆರಳ ತುದಿಯಿಂದ ಸರಿಸಿದರು. ಅದರಡಿ ಸೂಜಿ ಹೋಗುವಷ್ಟು ತೂತು, ತೂತಿನೊಳಗೆ ನಸುಗೆಂಪಾದದ್ದೇನೋ ಸರಕ್ಕನೆ ಕೆಳಗೆ ಜಾರಿತು.

"ಎರೆಹುಳಾ!" ಎಂದರು ಅತ್ತೆ. "ಅಲ್ಲಾ, ನಾ ಇಷ್ಟ ಬಡದು ಬಡದು ಸಾರಿಸೇನಿ. ಅದನ್ನೂ ತೂತ ಮಾಡಿ ಮ್ಯಾಲೆ ಬಂದಾವಲ್ಲ. ಎಷ್ಟ ಇರಬೇಕು ಒಳಗ?"

ಅಷ್ಟು ತಿಂಗಳು ನಾನು ಬಾಯಿಮಾತಿನಲ್ಲಿ ಹೇಳಿದ್ದನ್ನು ಆ ಹುಳುಗಳು ಅವರ ರಂಗೋಲಿಯ ಮೇಲೆಯೇ ಬರೆದು ತೋರಿಸಿದ್ದವು. ನಿಜಕ್ಕೂ ನಾನೂ ಅವನ್ನು ನೋಡಿದ್ದು ಅದೇ ಮೊದಲು. ಎರೆಹುಳುಗಳನ್ನು ನಂಬಿ ತೋಟ ಮಾಡಿದೆನೇ ಹೊರತು ಎಲೆ ಎತ್ತಿ ಅವು ಇವೆಯೋ ಇಲ್ಲವೋ ಎಂದು ನಾನು ನೋಡಿರಲಿಲ್ಲ. ಕೆದಕಬಾರದು ಎಂದಿದ್ದನಲ್ಲ ಆ ಮನುಷ್ಯ.

ಅಂದು ಅತ್ತೆ ಗುಡಿಸಲಿಲ್ಲ. ರಂಗೋಲಿಯ ಬಟ್ಟಲು ಹಿಡಿದು ಬಹಳ ಹೊತ್ತು ಯೋಚಿಸಿದರು. ಚುಕ್ಕಿ ರಂಗೋಲಿಯಲ್ಲಿ ಒಂದು ಚುಕ್ಕಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ, ಗೆರೆ ಕೂಡುವುದಿಲ್ಲ. ಅವರು ತಮ್ಮ ಚುಕ್ಕಿಗಳನ್ನು ಇಡಲೇ ಇಲ್ಲ. ಹುಳುಗಳು ಎಲ್ಲೆಲ್ಲಿ ಗುಡ್ಡೆ ಮಾಡಿದ್ದವೋ ಅವನ್ನೇ ಚುಕ್ಕಿ ಎಂದುಕೊಂಡು, ಒಂದನ್ನೂ ಕೆಡಿಸದೆ, ಸುತ್ತಿ ಬಳಸಿ ಗೆರೆ ಎಳೆದರು. ಆ ಕಡೆ ಎರಡು ಎಸಳು ಹೆಚ್ಚು, ಈ ಕಡೆ ಒಂದು ಕಡಿಮೆ. ಅಂಥ ಸೊಟ್ಟ ರಂಗೋಲಿಯನ್ನು ಅವರ ಕೈ ಎಂದೂ ಹಾಕಿರಲಿಕ್ಕಿಲ್ಲ. ಎದ್ದು ಸೊಂಟಕ್ಕೆ ಕೈಕೊಟ್ಟು ನಿಂತು, "ಅವು ಚುಕ್ಕಿ ಇಟ್ಟುವು, ನಾ ಗೆರಿ ಎಳದೆ" ಎಂದು ನಕ್ಕರು. ಮೂರು ದಿನದಿಂದ ಮುಖ ಬಿಗಿದುಕೊಂಡಿದ್ದ ನನಗೂ ನಗು ಬಂತು. ನಗುತ್ತಲೇ ಸ್ವಲ್ಪ ಅಳುವೂ ಬಂತು, ಅದನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ.

ದಸರೆಯ ಮರುದಿನ ಬೆಳಿಗ್ಗೆ ಚೀಲಗಳು ಮತ್ತೆ ಅಂಗಳಕ್ಕೆ ಬಂದಿದ್ದವು. ಅತ್ತೆ ಮುಷ್ಟಿ ಮುಷ್ಟಿ ಎಲೆ ತೆಗೆದು ಹರವುತ್ತಿದ್ದರು. "ಹಬ್ಬಾ ಮುಗೀತು, ಅವಕ್ಕ ಹೊದಸು. ಬಿಸಲು ಭಾಳ ಅದ, ಒಣಗಿ ಹೋದಾವು" ಎಂದರು. ಮೆಟ್ಟಿಲ ಕೆಳಗಿನ ಕಲ್ಲಿನ ಮೇಲೆ ಪುಟ್ಟದೊಂದು ರಂಗೋಲಿ ಬಂತು. ಅತ್ತೆಯ ದೊಡ್ಡ ಅಂಗಳ ಹೋಯಿತು ಎಂದು ನನಗೆ ಒಳಗೊಳಗೇ ಕೆಡುಕೆನಿಸುತ್ತಿತ್ತು. ಅದು ಹೋಗಿರಲಿಲ್ಲ, ದೊಡ್ಡದಾಗಿತ್ತು. ಎಲೆ ಸಾಲದೆಂದು ಅತ್ತೆ ಶಿಂದೆ ವಹಿನಿಯ ಖರಾಟಾ ಹಿಡಿದು ಗೇಟಿನಾಚೆ ಹೊರಟರು. ಅಂದು ಬಾದಾಮಿ ಮರದ ಬುಡ, ಮರುದಿನ ಪಾರ್ಕಿಂಗು, ಅದರ ಮರುದಿನ ಸೊಸೈಟಿಯ ರಸ್ತೆಯೇ. ಆ ರಸ್ತೆಯ ಮೇಲೆಲ್ಲ ಈಗ ಅರ್ಧಚಂದ್ರದ ಗೆರೆಗಳು. ಸ್ಕೂಟರಿನವರು ಅವರನ್ನು ನೋಡಿ ನಿಧಾನ ಮಾಡುತ್ತಾರೆ, ಬಾಲ್ಕನಿಯವರು "ನಮಸ್ಕಾರ ಆಜಿ" ಎನ್ನುತ್ತಾರೆ. ವಹಿನಿಯೂ ತಮ್ಮ ಕುಂಡಗಳಿಗೆಂದು ಒಂದು ಚೀಲ ಕಚರಾ ಕೇಳಿಕೊಂಡು ಹೋದರು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿರುವಾಗ ಎಲೆ ಹಿಡಿಸಲು ಜಾಗ ಸಾಲದಾಯಿತು. ಕೊಳೆತ ಎಲೆಯ ಗೊಬ್ಬರ ಬಹಳ ಒಳ್ಳೆಯದು, ಅದನ್ನು ಒಂದು ದೊಡ್ಡ ಡಬ್ಬಿಯಲ್ಲಿ ತುಂಬಿ ವರ್ಷವಿಡೀ ಬಿಡಬೇಕು ಎಂದು ನಾನು ಊಟದ ಹೊತ್ತಿಗೆ ಹೇಳಿದ್ದೆ ಅಷ್ಟೇ. ಮರುದಿನ ಕೋಣೆ ಗುಡಿಸಲು ಹೋದರೆ ಮಂಚದ ಕೆಳಗೆ ಬೆಳಕು ಆರಪಾರ ಕಾಣುತ್ತಿತ್ತು. ಓಡಿ ಹೋಗಿ ಕಪಾಟು ತೆಗೆದೆ. ಆ ಎರಡು ಅರೆಗಳಲ್ಲಿ ಸೀರೆಗಳು ಒತ್ತೊತ್ತಾಗಿ ಕೂತಿದ್ದವು, ನುಸಿಗುಳಿಗೆಯ ವಾಸನೆ ಗಮ್ಮೆಂದಿತು. ಹೊರಗೆ ತುಳಸಿಕಟ್ಟೆಯ ಪಕ್ಕ ನಾಲ್ಕು ಇಟ್ಟಿಗೆಗಳ ಮೇಲೆ ಟ್ರಂಕು ಇತ್ತು, ಅದರ ಬಾಯಿತುಂಬ ಬಾದಾಮಿ ಎಲೆ.

"ತಳಾ ತುಕ್ಕ ಹಿಡದು ತೂತ ಬಿದ್ದಿತ್ತು" ಎಂದರು ಅತ್ತೆ, ನನ್ನ ಮುಖ ನೋಡದೆ. "ಎಲಿಗೆ ಗಾಳಿ ಆಡಬೇಕಂತ ನೀನ ಹೇಳಿದ್ದಿಯಲ್ಲ?"

ಸಂಜೆ ಮೈದುನ ಫೋನ್ ಮಾಡಿದ, ಯಾವತ್ತು ಬರಲಿ ಎಂದು. ಅತ್ತೆ ಅಂಗಳದಲ್ಲೇ ನಿಂತು ಅವನಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. "ಇಲ್ಲೆ ಎಲಿ ಕೊಳೀಲಿಕ್ಕೆ ಹಾಕೇನಪಾ. ವರ್ಷ ಹಿಡೀತದಂತ. ಅದು ಗೊಬ್ಬರಾ ಆಗಲಿ, ಆಮ್ಯಾಲೆ ನೋಡೂಣು."

ಈಗ ಬೇಸಿಗೆ. ಮುಳಗಾಯಿ ಎಣ್ಣೆಗಾಯಿಯಾಗಿ ರೊಟ್ಟಿಯ ಜೊತೆ ಹೋಗಿ ಎಷ್ಟೋ ದಿನವಾಯಿತು. ಗಿಡಗಳು ಒಣಗಿದ ಜಾಗದಲ್ಲಿ ಚೆಂಡುಹೂವಿನ ಸಸಿಗಳಿವೆ. ಸಿಲಿಂಡರಿನ ಹಿಂದೆ ಸಿಕ್ಕ ಕಸಬರಿಗೆಯನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇಲಿ ತಿರಗಿ ತಂದ ಕೊಟ್ಟಿತೇನು?" ಎಂದು ರಸ್ತೆಗೆ ಹೊರಟುಹೋದರು. ನಾನು ಟ್ರಂಕಿನ ಮುಚ್ಚಳ ತೆಗೆದು ನೋಡಿದೆ. ಅಡಿಯ ಎಲೆಗಳು ಕರಗಿ ಕಪ್ಪಾಗಿ ಅರ್ಧಕ್ಕಿಳಿದಿರಬೇಕಾಗಿತ್ತು. ಆದರೆ ಟ್ರಂಕು ತುಂಬಿಯೇ ಇತ್ತು. ಮೇಲೆ ಇಂದಿನ ಎಲೆ, ಅದರ ಕೆಳಗೆ ನಿನ್ನೆಯದು, ಮೊನ್ನೆಯದು. ಹೀಗೆ ದಿನಾ ಮೇಲೆ ಹೊಸ ಎಲೆ ಹಾಕುತ್ತಿದ್ದರೆ ಆ ಗೊಬ್ಬರ ಎಂದಿಗೂ ಮುಗಿಯುವುದಿಲ್ಲ ಎಂದು ನನ್ನ ಬೋಳುತಲೆಯವನು ಹೇಳಿದ್ದಾನೆ. ಅದನ್ನು ನಾನು ಅತ್ತೆಗೆ ಹೇಳಿಲ್ಲ.